ಕಂಬಳಿ ಹೊದ್ದ ಹಿಟ್ಟು

ಕೇಳಿ ಸ್ನೇಹಿತರೇ. ಇವತ್ತು ಬೆಳಿಗ್ಗೆ ಪ್ಲೇಗ್ ಇನ್ಸ್‌ಪೆಕ್ಟರು ನಮ್ಮ ಎಸ್ಟೇಟಿನ ಆಳುಗಳ ಲೈನ್‌ಮನೆಗಳಿಗೇ ಬಂದುಬಿಟ್ಟರು. ಜ್ವರ ಕಂಡವರನ್ನೆಲ್ಲ ಕಾಡಂಚಿನ ಶೆಡ್ಡಿಗೆ ಒಯ್ಯುತ್ತಾರೆ. ಅಲ್ಲಿಂದ ವಾಪಸು ಬಂದವರನ್ನು ನಾನಂತೂ ನೋಡಿಲ್ಲ.

ನಾನು ಬಂಗಲೆಯ ಅಡುಗೆಯವಳು. ದೊರೆಯ ಬ್ರೆಡ್ಡಿಗೆ, ಉಬ್ಬಲೆಂದು ಬೈನೆ ಮರದ ಕಳ್ಳು ಹಾಕಿ ಹಿಟ್ಟು ಕಲಸಿದ್ದೆ. ಬಂಗಲೆಯ ಚಳಿಗೆ ಉಬ್ಬುವುದಿಲ್ಲವೆಂದು ಮನೆಗೇ ತಂದು, ಒಲೆಯ ಪಕ್ಕ ಕಂಬಳಿ ಹೊದಿಸಿಟ್ಟಿದ್ದೆ.

ಇನ್ಸ್‌ಪೆಕ್ಟರು ಬಾಗಿಲಲ್ಲೇ ನಿಂತು ಬೆತ್ತ ತೋರಿಸಿದರು. "ಅಲ್ಲಿ ಯಾರು ಮಲಗಿರೋದು?"

"ಯಾರೂ ಇಲ್ಲ ಸ್ವಾಮಿ, ಹಿಟ್ಟು."

"ಹಿಟ್ಟಿಗೆ ಯಾರಾದ್ರೂ ಕಂಬಳಿ ಹೊದಿಸ್ತಾರಾ?" ಅಂದವರೇ ಒಳಗೆ ಬಂದು ಕೈಯಿಟ್ಟರು. ಬೆಚ್ಚಗಿತ್ತು, ಮೆತ್ತಗಿತ್ತು. ಅವರ ಮುಖ ಬಿಳುಚಿಕೊಂಡಿತು. "ಸುಳ್ಳು ಹೇಳ್ತೀಯಾ? ಮೈ ಕಾದಿದೆ!"

ಕಂಬಳಿ ಎಳೆದರೆ ಉಬ್ಬಿದ ಹಿಟ್ಟು, ಗಪ್ಪೆಂದು ಕಳ್ಳಿನ ವಾಸನೆ. ಅವರ ಜವಾನನೇ ನಕ್ಕುಬಿಟ್ಟ. ಇನ್ಸ್‌ಪೆಕ್ಟರು ನಾಚಿಕೆಯಲ್ಲಿ ಬೇರೇನೂ ನೋಡದೆ ಹೊರಟುಹೋದರು.

ತಣ್ಣನೆಯ ಗಾಳಿಗೆ ಹಿಟ್ಟು ಕುಸಿದು ಬ್ರೆಡ್ಡು ಕಲ್ಲಾಯಿತು. "ಇದನ್ನ ಕೊಡಲಿಯಲ್ಲಿ ಕಡೀಬೇಕಾ?" ಎಂದು ದೊರೆಸಾನಿ ಬೈದರು. ಬೈಯಲಿ ಮಾರಾಯ್ರೇ. ಇನ್ಸ್‌ಪೆಕ್ಟರು ಬಂದಾಗ ಸೌದೆ ರಾಶಿಯ ಹಿಂದೆ ಇನ್ನೊಂದು ಕಂಬಳಿಯೊಳಗೆ, ಚಳಿಜ್ವರದ ನನ್ನ ಮಗಳು ಉಸಿರು ಬಿಗಿಹಿಡಿದು ಮಲಗಿದ್ದಳು. ಆ ಕಂಬಳಿಯೂ ಅಷ್ಟೇ ಬೆಚ್ಚಗಿತ್ತು.