ಕಣಿವೆಯ ಸಾಕ್ಷಿಗೆ ಸನ್ಮಾನ

ನನಗೆ ಮೊದಲಿಂದಲೂ ಅನುಮಾನ ಜಾಸ್ತಿ. ಅಂಗಡಿಯಲ್ಲಿ ತೆಂಗಿನಕಾಯಿ ಕೊಳ್ಳುವಾಗ ಮೂರು ಸಲ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವವರ ಪೈಕಿ ನಾನು. ಯುದ್ಧದ ಚರಿತ್ರೆ ಓದುವ ಹುಚ್ಚು ಹತ್ತಿದ ಮೇಲಂತೂ ಈ ಕಾಯಿಲೆ ಇನ್ನೂ ಬಲಿಯಿತು. ಒಬ್ಬ ಸೇನಾಧಿಕಾರಿ ಬರೆದದ್ದನ್ನು ಇನ್ನೊಬ್ಬ ಅಲ್ಲಗಳೆಯುತ್ತಾನೆ, ಯಾರನ್ನು ನಂಬುವುದು?

ಹಗಲು ಅಮೆರಿಕದ ಪ್ಲೇನೋ ಊರಿನಲ್ಲಿ ಸಾಫ್ಟ್‌ವೇರ್ ಕೆಲಸ, ಉಳಿದ ಹೊತ್ತೆಲ್ಲ ಅಫ್ಘಾನಿಸ್ತಾನ. ಬ್ರಿಟಿಷರು ನುಗ್ಗಿದರು, ರಷ್ಯದವರು ಟ್ಯಾಂಕು ತಂದರು, ಆಗ ಅಮೆರಿಕದವರು ಹೋಗಿ ಕೂತಿದ್ದರು. ನನ್ನನ್ನು ಕಾಡುತ್ತಿದ್ದದ್ದು ಬ್ರಿಟಿಷರು ಕಾಬೂಲ್ ಬಿಟ್ಟು ಹಿಮದಲ್ಲಿ ಜಲಾಲಾಬಾದಿನ ಕಡೆ ಹಿಂದೆಗೆದ ಕಥೆ. ಆ ದಾರಿಯ ಕಣಿವೆಗಳಲ್ಲಿ ಸತ್ತವರು ಹೆಚ್ಚಾಗಿ ನಮ್ಮ ದೇಶದ ಸಿಪಾಯಿಗಳು, ಅಡುಗೆಯವರು, ಒಂಟೆ ಹೊಡೆಯುವವರು. ಮೇಲೆ ಬಂಡೆಯ ಮರೆಯಲ್ಲಿ ಕೂತವರ ಉದ್ದ ನಳಿಗೆಯ ಬಂದೂಕು ಇವರನ್ನು ಮುಟ್ಟುತ್ತಿತ್ತು, ಇವರ ಗುಂಡು ಅವರನ್ನು ಮುಟ್ಟುತ್ತಿರಲಿಲ್ಲ.  ಹೂಸ್ಟನ್ನಿನ ಕನ್ನಡ ಕೂಟದಲ್ಲಿ ಒಂದೂವರೆ ಗಂಟೆ ಇದನ್ನೇ ಹೇಳಿದ್ದೆ. ಚಪ್ಪಾಳೆ ಬಿತ್ತು, ಊಟಕ್ಕೆ ತಡವಾಯಿತೆಂಬ ಗೊಣಗಾಟವೂ ಕಿವಿಗೆ ಬಿತ್ತು.

ಹೀಗಿರುವಾಗ ನಮ್ಮ ಆಫೀಸಿನ ಬಾಗಿಲಿಗೆ ಹೊಸ ಸೆಕ್ಯುರಿಟಿಯವನೊಬ್ಬ ಬಂದ. ಮೂವತ್ತರ ಆಸುಪಾಸು, ಮಿತಭಾಷಿ. ಹಿಂದಿ ಚೆನ್ನಾಗಿ ಬರುತ್ತಿತ್ತು, ನನ್ನನ್ನು ಭಾಯಿಸಾಬ್ ಎನ್ನುತ್ತಿದ್ದ. ಅಫ್ಘಾನಿಸ್ತಾನದವನು, ಅಮೆರಿಕದ ಸೈನ್ಯಕ್ಕೆ ದುಭಾಷಿಯಾಗಿದ್ದನಂತೆ, ಆ ಲೆಕ್ಕದಲ್ಲೇ ವೀಸಾ ಸಿಕ್ಕಿತಂತೆ. ನನಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ದಿನಾ ಕಾಫಿಯ ನೆಪ ಮಾಡಿಕೊಂಡು ಕೆಳಗಿಳಿದು ಅವನನ್ನು ಕೆದಕತೊಡಗಿದೆ. ಯಾವ ಊರು ಎಂದರೆ ಜಲಾಲಾಬಾದಿನ ಕಡೆ ಎಂದ. ಎರಡು ವಾರ ಬಿಟ್ಟು ಮತ್ತೆ ಕೇಳಿದರೆ ಹೆರಾತ್! ಒಂದು ಆ ದೇಶದ ಮೂಡಣ ತುದಿ, ಇನ್ನೊಂದು ಪಡುವಣ ತುದಿ. ಬೀದರಿನವನು ಎರಡು ವಾರದಲ್ಲಿ ಕೊಡಗಿನವನಾಗುವುದು ಹೇಗೆ? ತಲೆಗೆ ಹುಳ ಹೊಕ್ಕಿತು. ಇವನು ದುಭಾಷಿಯೇ ಅಲ್ಲ, ಕಾಗೆ ಹಾರಿಸುತ್ತಿದ್ದಾನೆ. ಅಥವಾ ಅಮೆರಿಕದವರ ವಿರುದ್ಧ ಕಾದಾಡಿದ ಆಚೆ ಕಡೆಯವನೇ ಇರಬಹುದು.

ನನ್ನ ಹೆಂಡತಿ ಧಾರವಾಡದವಳು, ಮುಖದ ಮೇಲೆ ಹೊಡೆದ ಹಾಗೆ ಮಾತಾಡುತ್ತಾಳೆ. "ನಿಮಗ್ಯಾಕ್ರೀ ಇಲ್ಲದ ಉಸಾಬರಿ? ಊರು ಹೇಳಲಿಕ್ಕೆ ಅಂಜತಾನ ಅಂದ್ರ ಏನರ ಕಾರಣ ಇರ್ತದ," ಎಂದಳು. ನಾನು ಕೇಳಲಿಲ್ಲ.

ಆಸ್ಟಿನ್ ಕೂಟದವರು ಅದೇ ಭಾಷಣಕ್ಕೆ ಕರೆದಾಗ ಅವನನ್ನೂ ಕರೆದೊಯ್ಯುವ ಯೋಚನೆ ಬಂತು. ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಬಣ್ಣ ಬಯಲಾಗುತ್ತದೆ ಎಂಬ ಲೆಕ್ಕಾಚಾರ ನನ್ನದು. ಮೊದಲು ಅವನು ಒಪ್ಪಲಿಲ್ಲ. ಅಲ್ಲಿಗೆ ವೀಸಾ ವಕೀಲರೊಬ್ಬರು ಬರುತ್ತಾರೆ ಎಂದು ನಾನು ಹೇಳಿದ ಮೇಲೆ ಕಣ್ಣೆತ್ತಿ ನೋಡಿದ. ತಮ್ಮನೊಬ್ಬ ಇನ್ನೂ ಊರಲ್ಲೇ ಇದ್ದನಂತೆ, ಅವನನ್ನು ಕರೆಸಿಕೊಳ್ಳುವ ಅರ್ಜಿ ಎಲ್ಲೋ ಸಿಕ್ಕಿಹಾಕಿಕೊಂಡಿತ್ತಂತೆ. ಬರುತ್ತೇನೆ, ಆದರೆ ಹೆಸರು ಹೇಳಬಾರದು, ಫೋಟೋ ಬೇಡ ಎಂದ. ಆಗಲಿ ಎಂದು ನಾನು ತಲೆಯಾಡಿಸಿದೆ. ಒಳಗೊಳಗೇ ಅನುಮಾನ ದುಪ್ಪಟ್ಟಾಯಿತು.

ಆಸ್ಟಿನ್ನಿನಲ್ಲಿ ವಕೀಲರು ಅವನ ಕಾಗದಗಳನ್ನು ನೋಡಿ, ಎಲ್ಲ ಸರಿಯಿದೆ, ತಮ್ಮ ಬರಲು ಇನ್ನು ಕೆಲವು ತಿಂಗಳ ಮಾತು ಎಂದರು. ಕಾಗದ ಯಾರು ಬೇಕಾದರೂ ಮಾಡಿಸಿಕೊಳ್ಳಬಹುದು ಎಂದುಕೊಂಡೆ ನಾನು. ವೇದಿಕೆಯಲ್ಲಿ ಅವನು ಆಡಿದ್ದು ನಾಲ್ಕೇ ಮಾತು. ಒಂದು ಕಡೆ ಅಮೆರಿಕದ ಅಧಿಕಾರಿ, ಇನ್ನೊಂದು ಕಡೆ ಊರಿನ ಹಿರಿಯ, ನಡುವೆ ತಾನು. ಇಬ್ಬರೂ ತನ್ನನ್ನೇ ಅನುಮಾನದಿಂದ ನೋಡುತ್ತಿದ್ದರು ಎಂದ.  ಆಮೇಲೆ ನಮ್ಮವರ ಮಾಮೂಲು ಶುರುವಾಯಿತು. ಮೈಸೂರು ಪೇಟ, ಶಾಲು, ಹಾರ, ಹಣ್ಣಿನ ಬುಟ್ಟಿ ಇಲ್ಲದೆ ನಮ್ಮ ವೇದಿಕೆಯಿಂದ ಅತಿಥಿಯನ್ನು ಕೆಳಗಿಳಿಸುವುದುಂಟೆ? ಫೋಟೋ ಇಲ್ಲದ ಸನ್ಮಾನವನ್ನು ಸನ್ಮಾನ ಎನ್ನುವುದುಂಟೆ? ಪೇಟ ತೊಡಿಸಿಕೊಳ್ಳಲು ತಲೆ ಬಗ್ಗಿಸಿದವನು ಎತ್ತುವಷ್ಟರಲ್ಲಿ ಎದುರಿಗೆ ಹತ್ತು ಫೋನ್. ಗಾಬರಿಯಾಗಿ ಶಾಲನ್ನು ಮುಖಕ್ಕೆ ಎಳೆದುಕೊಂಡ, ಅಷ್ಟರಲ್ಲಿ ಮುಖ ಫೋಟೋದಲ್ಲಿ ಬಿದ್ದಾಗಿತ್ತು. ನಾಚಿಕೊಂಡ ಎಂದು ಜನ ನಕ್ಕರು.

ಕೂಟದ ಇಂಟರ್ನೆಟ್ ಪುಟಕ್ಕೆ ಫೋಟೋ ಹಾಕಬಹುದಾ ಎಂದು ಕಾರ್ಯದರ್ಶಿ ನನ್ನನ್ನೇ ಕೇಳಿದರು. ಹಾಕಿ ಎಂದೆ. ಅಷ್ಟೇ ಆಗಿದ್ದರೆ ಪೆದ್ದುತನ ಎನ್ನಬಹುದಿತ್ತು. ಕೆಳಗೆ ಇಂಗ್ಲಿಷಿನಲ್ಲಿ ನಾನೇ ಕೂತು ಬರೆದೆ: ಅಮೆರಿಕ ಸೈನ್ಯದ ದುಭಾಷಿಯಾಗಿದ್ದೆ ಎನ್ನುತ್ತಾರೆ, ಜಲಾಲಾಬಾದಿನವರೋ ಹೆರಾತಿನವರೋ, ಬಲ್ಲವರು ತಿಳಿಸಿ. ಹೂಸ್ಟನ್ನಿನ ಗೆಳೆಯರು ಅದನ್ನು ಅಲ್ಲಿಲ್ಲಿ, ಅಫ್ಘನ್ನರ ಆನ್‌ಲೈನ್ ಗುಂಪುಗಳಲ್ಲೂ ಹಂಚಿದರು. ಗಾಳ ಹಾಕಿ ಕೂತವನ ಹಾಗೆ ನಾನು ದಿನಕ್ಕೆ ಹತ್ತು ಸಲ ಆ ಪುಟ ನೋಡಿದೆ.

ಐದನೆಯ ದಿನ ಬೆಳಿಗ್ಗೆ ಗೊತ್ತಿಲ್ಲದ ಲಿಪಿಯಲ್ಲಿ ಒಂದು ಸಾಲು ಕಂಡಿತು. ಫೋನಿನಲ್ಲೇ ಅನುವಾದ ಮಾಡಿಸಿದೆ. ಇವನು ಜಲಾಲಾಬಾದಿನ ಹತ್ತಿರ ನಮ್ಮ ಬಜಾರಿನಲ್ಲಿ ಗಡಿಯಾರ ರಿಪೇರಿ ಮಾಡುವವನ ಅಣ್ಣ, ಅಮೆರಿಕದವರ ಜೊತೆ ಇದ್ದನೇ, ತಮ್ಮ ನಮಗೆ ಹೇಳಲೇ ಇಲ್ಲವಲ್ಲ, ಎಂದಿತ್ತು. ಓದಿ ನನಗಾದದ್ದು ಸಂತೋಷ. ಬರೆಯಲು ನಾಚಿಕೆಯಾಗುತ್ತದೆ, ಆದರೂ ಸಂತೋಷವೇ. ಸದ್ಯ, ನಿಜದವನೇ! ಓಡಿ ಹೋಗಿ ಅವನ ಮುಂದೆ ಫೋನ್ ಹಿಡಿದು, ನಿಮ್ಮ ಮೇಲಿದ್ದ ಅನುಮಾನ ಹೋಯಿತು ಎಂದೆ.

ಅವನು ಓದಿದ. "ಇದು ಹಾಕಿ ಎಷ್ಟು ದಿನವಾಯಿತು?"

ಐದು ದಿನ ಎಂದೆ.

"ಅಣ್ಣ ದುಬೈಯಲ್ಲಿ ಹೋಟೆಲಲ್ಲಿ ಪಾತ್ರೆ ತೊಳೆಯುತ್ತಾನೆ ಅಂತ ಊರಿಗೆಲ್ಲ ಹೇಳಿದ್ದಾನೆ ನನ್ನ ತಮ್ಮ. ಆ ಸುಳ್ಳಿನಿಂದಲೇ ಅವನು ಬದುಕಿದ್ದಾನೆ, ಭಾಯಿಸಾಬ್."

 ಅಲ್ಲೇ ಆಸ್ಟಿನ್ನಿಗೆ ಫೋನ್ ಮಾಡಿ ತೆಗೆಸಿದೆ, ಹೂಸ್ಟನ್ನಿನವರನ್ನು ಬೇಡಿಕೊಂಡೆ. ಅವನು ಊರಿಗೆ ಫೋನ್ ಹಚ್ಚಿದ. ರಿಂಗ್ ಆಗಿ ಆಗಿ ನಿಂತಿತು. ಮತ್ತೆ ಹಚ್ಚಿದ. ಮೂರನೆಯ ಸಲಕ್ಕೆ ಮುಂಚೆ, ದಯವಿಟ್ಟು ನೀವು ಮೇಲೆ ಹೋಗಿ ಎಂದ.

ಮೂರು ವಾರ ರಜೆ ಹಾಕಿದ್ದ. ಮತ್ತೆ ಕೆಲಸಕ್ಕೆ ಬಂದಾಗ ಗಡ್ಡ ಬೋಳಿಸಿ, ಇಸ್ತ್ರಿಯ ಅಂಗಿ ಹಾಕಿ ಮೊದಲಿನ ಹಾಗೇ ಕೂತಿದ್ದ. ಕ್ಷಮೆ ಕೇಳಬೇಕೆಂದು ಹೋದವನ ಬಾಯಿಗೆ ಬಂದದ್ದು ಮತ್ತೆ ಪ್ರಶ್ನೆಯೇ. ತಮ್ಮ ಹೇಗಿದ್ದಾನೆ ಎಂದೆ.

ಅವನು ಎದುರಿಗಿದ್ದ ರಿಜಿಸ್ಟರನ್ನು ಮುಚ್ಚಿದ.

"ಯಾವ ತಮ್ಮ, ಸರ್? ನನಗೆ ತಮ್ಮನೇ ಇಲ್ಲ."

ಸತ್ತನೋ, ಗಡಿ ದಾಟಿ ಎಲ್ಲೋ ಅಡಗಿದ್ದಾನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಬದುಕಿದ್ದರೂ ನನಗೆ ಹೇಳಬಾರದು ಎಂದು ಅವನು ತೀರ್ಮಾನಿಸಿದ್ದ. ಸರಿಯಾಗಿಯೇ ತೀರ್ಮಾನಿಸಿದ್ದ.