ದೋಣಿ ಆಟದ ಶ್ರುತಿ

ಬ್ಯಾಟರಾಯನಪುರದ ನಿರಂಜನ ಹಾಡುವವನಲ್ಲ, ವೇದಿಕೆ ಹತ್ತುವುದೂ ಅಪರೂಪ. ಆದರೆ ಸುತ್ತಲಿನ ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವವರೆಲ್ಲ ಒಮ್ಮೆಯಾದರೂ ಅವನ ಮನೆಗೆ ಬಂದಿರುತ್ತಾರೆ. ಒಂದು ಹಾಡಿನಲ್ಲಿ ಶೆಹನಾಯಿ ಹೇಗೆ ಅಳುತ್ತದೋ, ಇನ್ನೊಂದರಲ್ಲಿ ಗಿಟಾರು ಹೇಗೆ ಗೊಣಗುತ್ತದೋ, ಅದೇ ದನಿಯನ್ನು ಕೀಬೋರ್ಡಿನಿಂದ ಹೊರಡುವಂತೆ ಅವನು ಕಟ್ಟಿಕೊಡುತ್ತಾನೆ. ಅದಕ್ಕೆ ಅವರು ಟೋನ್ ಎನ್ನುತ್ತಾರೆ. ಅಂಗಡಿಯಿಲ್ಲ, ಬೋರ್ಡಿಲ್ಲ, ಅವನ ಬಂಡವಾಳವೆಲ್ಲ ಕಿವಿ.

ಕಳೆದ ಗಣೇಶನ ಹಬ್ಬದಲ್ಲಿ ಆಳೆತ್ತರದ ಸ್ಪೀಕರಿನ ಪಕ್ಕ ನಿಂತು ಬಂದ ಮೇಲೆ ಎಡಗಿವಿಯೊಳಗೆ ಸಣ್ಣದೊಂದು ಸಿಳ್ಳೆ ಸೇರಿಕೊಂಡಿತು. ಅವನು ಯಾರಿಗೂ ಹೇಳಲಿಲ್ಲ. ಮನೆ ನಿಶ್ಶಬ್ದವಾದಾಗಲೆಲ್ಲ ಅವನು ತಲೆ ಓರೆ ಮಾಡಿ ಕೂರುವುದನ್ನು ನೋಡಿ ಹೆಂಡತಿ ಸ್ಮಿತಾಗೆ ಗೊತ್ತಾಯಿತು.

ಆ ದಿನಗಳಲ್ಲೇ ಅಮೃತಹಳ್ಳಿಯ ಚನ್ನಕೇಶವ ಬಂದ. ಚಿಕ್ಕಂದಿನ ಗೆಳೆಯ. ಅವನ ಅಪ್ಪ ತೋಟ ಮಾರಿದ ವರ್ಷ ಮನೆಗೆ ಟಿವಿ ಗೇಮ್ ತಂದಿದ್ದರು. ನಡುಮನೆಯ ಚಾಪೆಯ ಮೇಲೆ ಕೂತು ಇಬ್ಬರೂ ದೋಣಿ ಆಟ ಆಡುತ್ತಿದ್ದರು: ಬಂಡೆಗಳನ್ನು ತಪ್ಪಿಸುತ್ತ ಹೋಗುವ ಪುಟ್ಟ ದೋಣಿ, ಅದರ ಹಿಂದೆ ನಿಲ್ಲದೆ ಸುತ್ತುವ ಒಂದು ರಾಗ. ಈಗ ಆ ಮನೆಯಿದ್ದ ಜಾಗದಲ್ಲೇ ಚನ್ನಕೇಶವನ ಹೊಸ ಮನೆ ಎದ್ದಿತ್ತು.

"ಗೃಹಪ್ರವೇಶದ ಸಂಜೆ ಆರ್ಕೆಸ್ಟ್ರಾ ಇಟ್ಟಿದೀನಿ ಮಗಾ. ಮೊದ್ಲು ದೋಣಿ ಆಟದ ಟ್ಯೂನ್ ಬರ್ಬೇಕು. ನೀನೇ ಮಾಡ್ಬೇಕು."

ಆಟದ ಸಂಗೀತದ ಫೈಲು ಇಂಟರ್ನೆಟ್ಟಿನಲ್ಲಿ ಸಿಕ್ಕಿತು. ಅದು ಧ್ವನಿಮುದ್ರಣವಲ್ಲ; ಆಟದ ಯಂತ್ರದೊಳಗಿನ ಚಿಪ್‌ಗೆ ಯಾವಾಗ ಯಾವ ಸ್ವರ ಎಂದು ಹೇಳುವ ಆಜ್ಞೆಗಳು. ಅದನ್ನು ಕೀಬೋರ್ಡಿಗೆ ಅರ್ಥವಾಗುವ ಮಿಡಿ ಎಂಬ ರೂಪಕ್ಕೆ ಬದಲಾಯಿಸಿದಾಗ ಪರದೆಯ ತುಂಬ ರಾಗಿ ಚೆಲ್ಲಿದಂತೆ ಸ್ವರಗಳು. ಬಡಪಾಯಿ ಚಿಪ್‌ಗೆ ಒಟ್ಟಿಗೆ ನುಡಿಸಲು ಬರುತ್ತಿದ್ದುದು ಮೂರೇ ಸ್ವರ, ಜೊತೆಗೊಂದು ಉಸ್ಸೆನ್ನುವ ಸದ್ದು. ಹಾಗಾಗಿ ಅದು ಸ್ವರಗಳನ್ನು ಒಂದರ ಹಿಂದೊಂದು ಸರಸರನೆ ಓಡಿಸಿ, ದೊಡ್ಡ ಮೇಳವೇ ಇದೆಯೆಂದು ನಂಬಿಸುತ್ತಿತ್ತು. ನಿರಂಜನ ಆ ಕಾಳುಗಳನ್ನು ಆರಿಸಿ ಗುಂಪು ಮಾಡಿದ. ಉಸ್ಸೆನ್ನುವುದನ್ನು ಡ್ರಮ್ಮಿಗೆ ಕೊಟ್ಟ. ಚಿಪ್‌ನ ಮೂಗುದನಿಗಾಗಿ ಸಿಂಥಸೈಜರಿನಲ್ಲಿ ಹೊಸ ಟೋನ್ ಕಟ್ಟಿದ.

ನೋಡಿದರೆ ಎಲ್ಲ ಸರಿಯಿತ್ತು. ಕೇಳಿದರೆ ಸರಿಯಿರಲಿಲ್ಲ.

"ಇದಲ್ಲ ಗುರು," ಎಂದ ಚನ್ನಕೇಶವ ಫೋನಿನಲ್ಲಿ. "ಯಾವನೋ ನಮ್ ದೋಣಿಗೆ ಮೋಟಾರ್ ಕಟ್ಟಿದಂಗಿದೆ."

ನಿರಂಜನ ವೇಗ ತಗ್ಗಿಸಿದ. ಆದರೂ ಏನೋ ತಪ್ಪಿತ್ತು. ನೆನಪಿನಲ್ಲಿದ್ದ ಮೊದಲ ಸ್ವರವನ್ನು ಗುನುಗಿಕೊಂಡು ಕೀಬೋರ್ಡಿನಲ್ಲಿ ಹುಡುಕಿದ. ಫೈಲು ಹೇಳಿದ ಸ್ವರದ ಮನೆ ಒತ್ತಿದರೆ ಮೇಲಾಯಿತು, ಅದರ ಕೆಳಗಿನದೂ ತುಸು ಮೇಲೇ, ಇನ್ನೂ ಕೆಳಗಿನದು ತೀರ ತಗ್ಗು. ಅವನಿಗೆ ಬೇಕಾದ ಸ್ವರ ಎರಡು ಮನೆಗಳ ನಡುವಿನ ಸಂದಿಯಲ್ಲಿತ್ತು. ಕಿವಿಯ ಮಾತು ಕೇಳಿ ಶ್ರುತಿ ಇಳಿಸಿದ. ಫೈಲನ್ನು ನೋಡಿ ಮತ್ತೆ ಏರಿಸಿದ. ಕೊನೆಗೆ ಯಾವುದು ತಿದ್ದಿದ್ದು, ಯಾವುದು ಕೆಡಿಸಿದ್ದು ಎಂಬುದೇ ಅವನಿಗೆ ತಿಳಿಯದಾಯಿತು. ಯಂತ್ರ ಸುಳ್ಳು ಹೇಳುವುದಿಲ್ಲ. ಹಾಗಾದರೆ ಕೆಟ್ಟಿರುವುದು ಕಿವಿ.

ಜಾಲಹಳ್ಳಿಯ ತಂಡದ ಕೀಬೋರ್ಡ್ ಹುಡುಗಿ ನೂರೀನ್ ಮೆಸೇಜ್ ಮಾಡಿದ್ದಳು: "ನಿರಂಜನ್ ಸರ್, ಎರಡು ಹೊಸ ಹಾಡಿಗೆ ಟೋನ್ ಬೇಕಿತ್ತು. ಹಾಡು ಕಳಿಸ್ಲಾ?" ಅವನು ಉತ್ತರಿಸಲಿಲ್ಲ.

"ಹೆಬ್ಬಾಳದಲ್ಲಿ ಕಿವಿ ಡಾಕ್ಟರ ಹತ್ರ ಸೋಮವಾರಕ್ಕೆ ಟೈಮ್ ತಗೊಂಡಿದೀನಿ," ಎಂದಳು ಸ್ಮಿತಾ.

"ಅವರು ಕೆಟ್ಟಿದೆ ಅಂದ್ರೆ?"

"ಅಂದ್ರೆ ಅಂದ್ರು. ನಾನೇನು ನಿಮ್ಮ ಟೋನ್ ಕೇಳಿ ಮದುವೆಯಾದ್ನಾ?"

ಅವನು ನಗಲಿಲ್ಲ. ಈ ಕೆಲಸ ಬಿಟ್ಟರೆ ಇನ್ನೇನು ಬರುತ್ತದೆ ತನಗೆ ಎಂದು ಯೋಚಿಸುತ್ತಿದ್ದ.

ಬೇರೆಯವರ ಕೈಲಿ ಮಾಡಿಸಿಕೋ ಎಂದು ಹೇಳಲು ಅಮೃತಹಳ್ಳಿಗೆ ಹೋದ. ಹಿತ್ತಲಲ್ಲಿ ಚನ್ನಕೇಶವನ ತಾಯಿ ಗೌರಮ್ಮ ಸೊಪ್ಪು ಬಿಡಿಸುತ್ತಿದ್ದರು. ಅವನ ಮಾತನ್ನೆಲ್ಲ ಕೇಳಿಸಿಕೊಂಡು, ಗೋಡೆಗೆ ಒರಗಿಸಿದ್ದ ಹಳೇ ಮನೆಯ ತಾಮ್ರದ ಹಂಡೆ ತೋರಿಸಿದರು.

"ಆ ಆಟದ ಡಬ್ಬ ಅದ್ರಾಗೇ ಐತಲ್ಲಪ್ಪ. ಮನೆ ಕೆಡವ್ದಾಗ ಇವ್ನು ಎಸೀತೀನಿ ಅಂದ. ನಾನೇ ಅಂಗೇ ಇಕ್ಕಿವ್ನಿ."

"ಅವ್ವಾ! ನಂಗ್ಯಾಕೆ ಹೇಳ್ಲಿಲ್ಲ?" ಚನ್ನಕೇಶವ ಹೊರಗೋಡಿ ಬಂದ.

"ನೀನ್ ಕೇಳಿದ್ಯೇನ್ಲಾ?"

ಗೋಡೆಗಂಟಿದ ಹೊಸ ಟಿವಿಗೆ ಆ ಡಬ್ಬದ ವೈರು ಕೂರಲಿಲ್ಲ. ಗೌರಮ್ಮ ಬಿಟ್ಟುಕೊಡದೆ ತಮ್ಮ ಕೋಣೆಯಲ್ಲಿ ಇಟ್ಟುಕೊಂಡಿದ್ದ ಹಳೇ ಡಬ್ಬಾ ಟಿವಿಗೆ ಕೂತಿತು. ಚನ್ನಕೇಶವ ಆಟದ ಕ್ಯಾಸೆಟ್ಟಿನ ಬಾಯಿಗೆ ಉಫ್ ಎಂದು ಊದಿ, ತಿರುಗಿಸಿ ಮತ್ತೊಮ್ಮೆ ಊದಿ, ಒತ್ತಿದ.

ದೋಣಿ ಬಂತು. ಅದರ ಹಿಂದೆ ರಾಗ ಬಂತು, ನಿಧಾನವಾಗಿ, ತಗ್ಗಿನ ದನಿಯಲ್ಲಿ.

ನಿರಂಜನ ಮೊಬೈಲಿನ ಕೀಬೋರ್ಡ್ ತೆರೆದು ಒತ್ತಿದ. ಫೈಲು ಹೇಳಿದ ಮನೆಯಲ್ಲ. ಅದರ ಕೆಳಗಿನದೂ ಅಲ್ಲ. ಮೊದಲ ಸ್ವರ ಅದೇ ಸಂದಿಯಲ್ಲಿತ್ತು.

ಕಾರಣ ಅವನಿಗೆ ನಿಧಾನಕ್ಕೆ ಹೊಳೆಯಿತು. ಆಟವನ್ನು ಮಾಡಿದ್ದು ಬೇರೆ ದೇಶದ ಟಿವಿಗಳ ಲೆಕ್ಕಕ್ಕೆ; ಅಲ್ಲಿ ಪರದೆ ಸೆಕೆಂಡಿಗೆ ಅರವತ್ತು ಬಾರಿ ಮಿನುಗಿದರೆ ಇಲ್ಲಿ ಐವತ್ತೇ ಬಾರಿ. ಇಲ್ಲಿ ಮಾರಿದ ಆಟದ ಡಬ್ಬ ನಮ್ಮ ಟಿವಿಗಳಿಗೆ ಹೊಂದಲೆಂದು ನಿಧಾನ ನಡೆಯುತ್ತಿತ್ತು. ನಡಿಗೆಯ ಜೊತೆ ಶ್ರುತಿಯೂ ಇಳಿದಿತ್ತು. ಫೈಲು ಸುಳ್ಳಾಡಿರಲಿಲ್ಲ. ಅವನ ಕಿವಿಯೂ ಸುಳ್ಳಾಡಿರಲಿಲ್ಲ. ಹಾಗಾದರೆ ಸರಿಯಾದದ್ದು ಯಾವುದು? ಮಾಡಿದವನು ಬರೆದದ್ದೋ, ಇವರು ಕೇಳಿದ್ದೋ? ಅವನಿಗೆ ಸಮಾಧಾನವೂ ಆಯಿತು, ತಲೆಯೂ ಕೆಟ್ಟಿತು.

"ಇದೇ ಮಗಾ, ಇದೇ!" ಎನ್ನುತ್ತಿದ್ದ ಚನ್ನಕೇಶವನ ದೋಣಿ ಬಂಡೆಗೆ ಬಡಿದು ಮುಳುಗಿತು.

ಗೃಹಪ್ರವೇಶದ ಸಂಜೆ ನಿರಂಜನ ಕೀಬೋರ್ಡಿನ ಶ್ರುತಿಯನ್ನು ಆ ಸಂದಿಗೆ ಇಳಿಸಿ ನುಡಿಸಿದ. ಕೊಳಲಿನವನು ಜೊತೆಗೂಡಲು ನೋಡಿ, ಅಪಸ್ವರವಾಗಿ, ಗಾಬರಿಯಿಂದ ಕೊಳಲು ಕೆಳಗಿಟ್ಟ. ಊಟದ ಸಾಲಿನಲ್ಲಿದ್ದ ಯಾರಿಗೂ ಏನೂ ಗೊತ್ತಾಗಲಿಲ್ಲ. ಮುಂದಿನ ಕುರ್ಚಿಯಲ್ಲಿ ಚನ್ನಕೇಶವನ ಎರಡು ಹೆಬ್ಬೆರಳು ಮಾತ್ರ ರೇಷ್ಮೆ ಪಂಚೆಯ ಮೇಲೆ ಬಂಡೆ ತಪ್ಪಿಸುತ್ತಿದ್ದವು.

ಮನೆಗೆ ಬಂದು, ಕೆಟ್ಟಿದ್ದು ಕಿವಿಯಲ್ಲ ಎಂದು ಹೇಳಿದಾಗ ಸ್ಮಿತಾ ಕೇಳಿದಳು, "ಹಾಗಾದ್ರೆ ಸೋಮವಾರ ಹೋಗೋದು ಬೇಡ್ವಾ?"

"ಹೋಗೋಣ. ಸಿಳ್ಳೆ ಇನ್ನೂ ಇದೆ."

"ಮತ್ತೆ ಕಿವಿ ಸರಿ ಇದೆ ಅಂದ್ರಿ?"

"ಎರಡೂ ಇದೆ ಕಣೇ," ಎಂದ, ತನಗೇ ಅರ್ಥವಾಗದವನಂತೆ.

ಆಮೇಲೆ ಫೋನ್ ತೆಗೆದು, ತಲೆಯನ್ನು ತುಸು ಓರೆ ಮಾಡಿಕೊಂಡೇ, ನೂರೀನ್‌ಗೆ ಬರೆದ: ಹಾಡು ಕಳಿಸಮ್ಮ, ಮಾಡಿಕೊಡ್ತೀನಿ.