ಕೆಂಪು ದೀಪದ ಮುಂದೆ ಹೇಳಿದ ಹೆಸರು

ಬ್ಯಾಟರಾಯನಪುರದ ನಮ್ಮ ಬಾಡಿಗೆ ಮನೆಯ ಎದುರು ಐದಂತಸ್ತಿನ ಕಟ್ಟಡ ಎದ್ದ ಮೇಲೆ ಮೊಬೈಲ್ ಸಿಗ್ನಲ್ ಸತ್ತೇಹೋಯಿತು. ಅಡುಗೆಮನೆಯ ಕಿಟಕಿಗೆ ಅಂಟಿಕೊಂಡು ನಿಂತರೆ ಮಾತು ಕೇಳುತ್ತಿತ್ತು, ಅಷ್ಟೇ. ವಿಡಿಯೋ ಅಂದರೆ ದೇವರೇ ಗತಿ. ನಾನೋ ಅವತ್ತು ನಾಲ್ಕು ಗಂಟೆಗೆ ಆನ್‌ಲೈನ್ ಟ್ಯೂಷನ್ ಕಂಪನಿಯೊಂದಕ್ಕೆ ಡೆಮೊ ಕ್ಲಾಸ್ ಕೊಡಬೇಕಿತ್ತು. ಪಾಸಾದರೆ ಮನೆಯಲ್ಲೇ ಕೂತು ಗಣಿತ ಹೇಳಿಕೊಡುವ ಕೆಲಸ. ಅತ್ತೆಯ ಮೊಣಕಾಲಿನ ಆಪರೇಷನ್ ಆದಾಗ ಶಾಲೆಯ ಕೆಲಸ ಬಿಟ್ಟವಳು ನಾನು. ಅವರೊಬ್ಬರನ್ನೇ ಬಿಟ್ಟು ಹೊರಗೆ ಕಾಲಿಡುವಂತಿರಲಿಲ್ಲ. ಮತ್ತೆ ಟೀಚರ್ ಆಗಲು ನನಗೆ ಉಳಿದದ್ದು ಇದೊಂದೇ ದಾರಿ.

ಮಧ್ಯಾಹ್ನ ರೌಟರ್ ಹಾಕುವವನು ಬಂದ. ಗೋಡೆ ಕೊರೆದ, ವೈರ್ ಎಳೆದ, ಬಿಳಿ ಡಬ್ಬಿಯನ್ನು ಟಿವಿ ಪಕ್ಕ ಇಟ್ಟ. ಕೆಂಪು ದೀಪ ಹತ್ತಿತು.

"ಸರ್ ನಂಬರ್‌ಗೆ ಒಟಿಪಿ ಹೋಗಿದೆ ಮೇಡಂ, ಹೇಳಿ. ಹಾಕಿದ್ರೆ ಹಸಿರಾಗುತ್ತೆ."

ನಮ್ಮ ಮನೆಯವರು ಗೊರಗುಂಟೆಪಾಳ್ಯದಾಚೆಯ ಕಾರ್ಖಾನೆಯಲ್ಲಿದ್ದರು. ಅಲ್ಲಿ ಎಲ್ಲರೂ ಮೊಬೈಲನ್ನು ಗೇಟಿನ ಪೆಟ್ಟಿಗೆಯಲ್ಲಿಟ್ಟೇ ಒಳಗೆ ಹೋಗಬೇಕು; ಶಿಫ್ಟ್ ಮುಗಿಯುವವರೆಗೆ ಅದು ಯಾರ ಕೈಗೂ ಸಿಗದು. ಆದರೂ ಫೋನ್ ಮಾಡಿದೆ. ಪೆಟ್ಟಿಗೆಯೊಳಗೆ ಬಡಕೊಂಡು ಸುಮ್ಮನಾಯಿತು.

"ನನ್ನ ನಂಬರಿಗೆ ಕಳಸಿದ್ರ ಏನಾಗ್ತದ್ರೀ?" ಎಂದೆ.

"ಕನೆಕ್ಷನ್ ಸರ್ ಹೆಸರಲ್ಲಿದೆ ಅಲ್ವಾ ಮೇಡಂ. ಕಸ್ಟಮರ್ ಕೇರ್‌ಗೆ ಮಾತಾಡಿ, ನಿಮ್ ನಂಬರ್ ಸೇರಿಸ್ತಾರೆ. ಒಟಿಪಿ ಬಂದ್ರೆ ನಂಗೆ ಫೋನಲ್ಲೇ ಹೇಳಿ, ಅಲ್ಲಿಂದ್ಲೇ ಆನ್ ಮಾಡ್ತೀನಿ. ಹೆಬ್ಬಾಳಕ್ಕೆ ಹೋಗ್ಬೇಕು," ಎಂದವನೇ ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ಗ್ಯಾಸು, ಕರೆಂಟು, ರೇಷನ್ನು, ಎಲ್ಲಕ್ಕೂ ಅವರದೇ ನಂಬರು. ಇಷ್ಟು ವರ್ಷ ಅದೇ ಅನುಕೂಲ ಅಂದುಕೊಂಡಿದ್ದೆ. ಮನೆ ಗುಡಿಸಿ ಸಾರಿಸುವವಳು ನಾನು, ಬೀಗದ ಕೈ ಮಾತ್ರ ಕಾರ್ಖಾನೆಯ ಗೇಟಿನಲ್ಲಿ. ಬೈದುಕೊಳ್ಳುತ್ತಲೇ ಕಿಟಕಿಗೆ ಹೋಗಿ ನಿಂತೆ.

ಒಂದು ಒತ್ತಿ, ಎರಡು ಒತ್ತಿ, ಕಸ್ಟಮರ್ ಕೇರ್‌ನ ಹಾಡನ್ನೆಲ್ಲ ಕೇಳಿದ ಮೇಲೆ ಒಬ್ಬ ಹುಡುಗಿ ಸಿಕ್ಕಳು.

"ಅಕೌಂಟ್ ಯಾರ ಹೆಸರಲ್ಲಿದೆ ಮೇಡಂ?"

"ನಮ್ಮ ಮನಿಯವ್ರದರೀ."

"ಅವರ ಪೂರ್ತಿ ಹೆಸರು ಹೇಳಿ."

ನಗಬೇಡಿ. ನಮ್ಮ ಬಾಗಲಕೋಟೆ ಕಡೆ ಹೆಂಗಸರು ಗಂಡನ ಹೆಸರು ಹಿಡಿಯುವುದಿಲ್ಲ. ನಾನು ಬಿ.ಎಸ್ಸಿ. ಓದಿದ್ದೇನೆ, ಆ ನಂಬಿಕೆ ಎಂದೋ ಹೋಗಿದೆ. ಆದರೆ ಅದು ನಾಲಿಗೆಗೆ ಗೊತ್ತಿಲ್ಲ. ಮದುವೆಯಾಗಿ ಬಂದ ದಿನ ಹೆಂಗಸರು ಹೊಸ್ತಿಲಿಗೆ ಅಡ್ಡ ನಿಂತು, ಒಡಪಿನಲ್ಲಿ ಹೆಸರು ಹೇಳಿದರೇ ಒಳಗೆ ಬಿಡುವುದು ಎಂದು ಹಟ ಹಿಡಿದಿದ್ದರು. ಬೆಳ್ಳಿ ಬಟ್ಟಲು, ಮಲ್ಲಿಗೆ ದಂಡೆ ಎಂದು ಏನೋ ಎರಡು ಸಾಲು ಕಟ್ಟಿ, ಅದರೊಳಗೆ ಹೆಸರು ನುಸುಳಿಸಿ ಒಳಗೆ ಬಂದೆ. ಆಮೇಲೆ ಒಮ್ಮೆಯೂ ಹೇಳಿದ್ದಿಲ್ಲ. ಆಫೀಸುಗಳಲ್ಲಿ ಯಾರಾದರೂ ಕೇಳಿದರೆ ಆಧಾರ್ ಕಾರ್ಡ್ ಚಾಚಿ ಪಾರಾಗುತ್ತಿದ್ದೆ. ಫೋನಿನಲ್ಲಿ ಏನು ಚಾಚಲಿ? ಹಾಲ್‌ನಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತಾ ಕಿವಿಯನ್ನು ಇತ್ತಲೇ ಇಟ್ಟಿದ್ದರು.

"ಮೇಡಂ, ಲೈನಲ್ಲಿದ್ದೀರಾ? ಹೇಳ್ದಿದ್ರೆ ಕಟ್ ಮಾಡ್ಬೇಕಾಗುತ್ತೆ."

ಮೂರೂಮುಕ್ಕಾಲು ಆಗಿತ್ತು. ಕಣ್ಣು ಮುಚ್ಚಿ ಹೇಳಿಬಿಟ್ಟೆ. ಅಡ್ಡಹೆಸರನ್ನೂ ಸೇರಿಸಿ, ಒಡಪಿಲ್ಲ, ಪ್ರಾಸವಿಲ್ಲ, ಕ್ಲಾಸಿನಲ್ಲಿ ಹಾಜರಿ ಕೂಗುವ ದನಿಯಲ್ಲಿ. ಹಾಲ್‌ನಲ್ಲಿ ಅತ್ತೆಯ ಕೈ ನಿಂತಿತು.

"ಥ್ಯಾಂಕ್ಯೂ ಮೇಡಂ. ನಿಮ್ಮ ನಂಬರ್ ಸೇರಿಸೋಕೆ ಈಗ ಸರ್ ಮೊಬೈಲ್‌ಗೆ ಒಂದು ಒಟಿಪಿ ಕಳಿಸಿದ್ದೀನಿ. ಅದನ್ನ ಹೇಳಿ."

ಫೋನ್ ಇಟ್ಟೆ. ಆ ಡಬ್ಬಿಯನ್ನು ಕಿತ್ತು ಎದುರಿನ ಕಟ್ಟಡಕ್ಕೆ ಬೀಸಬೇಕು ಅನಿಸಿತು. ಬೀಸಲಿಲ್ಲ. ಕ್ಲಾಸಿಗೆಂದು ಉಟ್ಟಿದ್ದ ಇಸ್ತ್ರಿ ಸೀರೆಯಲ್ಲೇ ಅದರ ಮುಂದೆ ಕೂತೆ. ನಾಲ್ಕಾಯಿತು. ನಾಲ್ಕೂವರೆಯೂ ಆಯಿತು. ಅಳು ಬಂತು, ಅತ್ತುಬಿಟ್ಟೆ.

ಅತ್ತೆ ಈಗ ಬೈಯುತ್ತಾರೆ ಎಂದು ಕಾಯುತ್ತಿದ್ದೆ. ಅವರು ಕೋಲೂರಿಕೊಂಡು ಬಂದು, ಕಷ್ಟಪಟ್ಟು ನನ್ನ ಪಕ್ಕದ ಕುರ್ಚಿಯಲ್ಲಿ ಕೂತರು. ಕೆಂಪು ದೀಪವನ್ನೇ ಸ್ವಲ್ಪ ಹೊತ್ತು ನೋಡಿದರು.

"ಹೆಸರೂ ಹೇಳಿದಿ," ಎಂದರು ಮೆಲ್ಲಗೆ. "ಆದ್ರೂ ಒಳಗ ಬಿಡ್ಲಿಲ್ಲ ನೋಡವ್ವಾ."